ಹಳೆಯ ಪೇಟಿಯನ್ನು ಕೊಳ್ಳುವ ಕಾಲ

ಹರಪನಹಳ್ಳಿ, ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಸೀಮೆಯಲ್ಲಿ ಹಳೆಯ ವಾದ್ಯವೊಂದು ಅಗ್ಗದ ಬೆಲೆಗೆ ಮಾರಾಟಕ್ಕಿದೆಯೆಂದು ಯಾರಾದರೂ ಹೇಳಿದರೆ, ಅದು ಯಾವ ವಾದ್ಯವೆಂದು ಕೇಳುವ ಪ್ರಮೇಯವೇ ಸಾಮಾನ್ಯವಾಗಿ ಒದಗುವುದಿಲ್ಲ. ಅದು ಹಾರ್ಮೋನಿಯಂ, ಜನರ ಬಾಯಲ್ಲಿ ಪೇಟಿ. ಸುಗ್ಗಿಯ ರಾಶಿ ಮನೆ ಸೇರಿದ ಮೇಲೆ ಊರ ಹುಡುಗರಿಗೆ ಪೌರಾಣಿಕ ನಾಟಕವನ್ನೋ ಸಾಮಾಜಿಕ ನಾಟಕವನ್ನೋ ಕಲಿಸಲು ಬರುವ ಪೇಟಿ ಮಾಸ್ತರರು, ಶ್ರಾವಣಮಾಸದುದ್ದಕ್ಕೂ ಗುಡಿಯಲ್ಲಿ ಹಾಡುವ ಭಜನಾ ಮಂಡಳಿಗಳು, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದು ಮಠಗಳಲ್ಲಿ ಪುರಾಣಪ್ರವಚನಕ್ಕೆ ಸಂಗೀತವನ್ನೊದಗಿಸುವ ಗವಾಯಿಗಳು, ಮರಿಯಮ್ಮನಹಳ್ಳಿಯಂತಹ ಊರಿನಿಂದ ಹೊರಟು ನಾಡೆಲ್ಲ ಸಂಚರಿಸಿದ ರಂಗಕಲಾವಿದರು, ಇವರೆಲ್ಲರ ನಡುವೆ ಈ ಪೆಟ್ಟಿಗೆಯು ತಲೆಮಾರುಗಳಿಂದ ಕೈಯಿಂದ ಕೈಗೆ ದಾಟುತ್ತ ಬಂದಿದೆ. ಮಂಡಳಿ ಒಡೆದಾಗ, ಕಂಪನಿ ಮುಚ್ಚಿದಾಗ, ನುಡಿಸುತ್ತಿದ್ದವರು ತೀರಿಕೊಂಡು ಮಕ್ಕಳಿಗೆ ಸಂಗೀತದ ಗೊಡವೆ ಬೇಡವಾದಾಗ, ಅದು ಅಟ್ಟವನ್ನೇರುತ್ತದೆ. ಕೆಲವು ವರ್ಷಗಳ ತರುವಾಯ ಅಟ್ಟದಿಂದಿಳಿದು ಗಿರಾಕಿಯ ಮುಂದೆ ಬಂದು ಕೂರುತ್ತದೆ.

ಆಗ ಗಿರಾಕಿಯು ಮಾಡುವ ಪರೀಕ್ಷೆಯಾದರೂ ಎಂತಹದು? ತಿದಿಯನ್ನೆಳೆದು ಬೆರಳಾಡಿಸುತ್ತಾನೆ, ಒಂದು ಮನೆ (ಬೆರಳೊತ್ತುವ ಕೀಲಿ) ಮೂಕವಾಗಿರುತ್ತದೆ, ಇನ್ನೊಂದು ಒತ್ತದೆಯೇ ಅರಚುತ್ತದೆ, ತುಂಬಿದ ಗಾಳಿ ಬುಸ್ಸೆಂದು ಎಲ್ಲಿಂದಲೋ ಸೋರಿಹೋಗುತ್ತದೆ, ಇದನ್ನು ಕಂಡು ಹಿಂಜರಿದು, ಪಕ್ಕದಲ್ಲಿ ಪಾಲಿಷಿನಿಂದ ಥಳಥಳಿಸುತ್ತಿರುವ, ಎಲ್ಲ ಮನೆಗಳೂ ನುಡಿಯುವ ಇನ್ನೊಂದು ಪೇಟಿಗೆ ಎರಡರಷ್ಟು ಹಣ ಕೊಟ್ಟು ಒಯ್ಯುವವರೇ ಹೆಚ್ಚು. ನಾನು ಈ ಅಧ್ಯಾಯದಲ್ಲಿ ಹೇಳಬೇಕೆಂದಿರುವುದು ಇದಕ್ಕೆ ವಿರುದ್ಧವಾದ ಮಾತನ್ನು. ಪೇಟಿಯಲ್ಲಿ ಕಿವಿಗೆ ಬಡಿಯುವ ದೋಷಗಳು ಬಹುಮಟ್ಟಿಗೆ ಅಲ್ಪವ್ಯಯದಲ್ಲಿ ನೀಗುವಂತಹವು. ಹಣವನ್ನು ನುಂಗುವವು ಸದ್ದಿಲ್ಲದ ದೋಷಗಳು, ಮತ್ತು ಅವುಗಳಲ್ಲಿ ಅತಿ ಮುಖ್ಯವಾದುದು ವರ್ಷದ ಕೆಲವು ತಿಂಗಳು ಸಂಪೂರ್ಣವಾಗಿ ಮರೆಯಾಗಿಯೇ ಇರುತ್ತದೆ.

ಇದನ್ನು ಅರಿಯಬೇಕಾದರೆ ಪೆಟ್ಟಿಗೆಯ ಒಡಲನ್ನು ತುಸು ತಿಳಿದಿರಬೇಕು. ಪೇಟಿಯ ನಾದಕ್ಕೆ ಮೂಲವಾದುದು ರೀಡು. ಹಿತ್ತಾಳೆಯ ತಗಡಿನಲ್ಲಿ ಉದ್ದನೆಯ ಸೀಳನ್ನು ಕೊರೆದು, ಆ ಸೀಳಿಗಿಂತ ಕೂದಲೆಳೆಯಷ್ಟು ಕಿರಿದಾದ ಹಿತ್ತಾಳೆಯ ನಾಲಿಗೆಯೊಂದನ್ನು ಅದರ ಮೇಲಿಟ್ಟು, ಒಂದು ತುದಿಯನ್ನು ಮಾತ್ರ ರಿವೆಟ್ಟಿನಿಂದ ಬಿಗಿದಿರುತ್ತಾರೆ. ಎರಡು ಕಡೆಗೂ ತೆರೆಯಬಲ್ಲ ಬಾಗಿಲು ಚೌಕಟ್ಟನ್ನು ಮುಟ್ಟದೆ ಒಳಕ್ಕೂ ಹೊರಕ್ಕೂ ತೂಗಾಡುವಂತೆ, ಗಾಳಿಯ ಒತ್ತಡಕ್ಕೆ ಈ ನಾಲಿಗೆಯು ಸೀಳಿನೊಳಗೆ ಹೋಗಿಬರುತ್ತ, ಹರಿಯುವ ಗಾಳಿಯನ್ನು ತುಂಡುತುಂಡಾಗಿ ಕತ್ತರಿಸುತ್ತದೆ. ಆ ತುಂಡುಗಳ ಸಾಲೇ ನಮಗೆ ಸ್ವರವಾಗಿ ಕೇಳುತ್ತದೆ. ಈ ತತ್ತ್ವವನ್ನು ಚೀನದವರು ತಮ್ಮ ಶೆಂಗ್ ಎಂಬ ಬಿದಿರುವಾದ್ಯದಲ್ಲಿ ಬಹು ಪ್ರಾಚೀನಕಾಲದಿಂದಲೇ ಬಳಸುತ್ತಿದ್ದರು. ಯೂರೋಪಿನಲ್ಲಿ ಅದನ್ನು ಮನೆಗಳುಳ್ಳ ಪೆಟ್ಟಿಗೆಯೊಳಗೆ ಕೂರಿಸಿ ಹಾರ್ಮೋನಿಯಂ ಎಂಬ ಹೆಸರಿನಿಂದ 1840ರ ದಶಕದ ಆರಂಭದಲ್ಲಿ ಪೇಟೆಂಟು ಪಡೆದವನು ಪ್ಯಾರಿಸಿನ ಅಲೆಕ್ಸಾಂಡ್ರ್ ದೆಬೆಂ. ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿಯನ್ನು ತುಳಿದು ನುಡಿಸುತ್ತಿದ್ದ ಆ ವಾದ್ಯವನ್ನು, ನೆಲದ ಮೇಲೆ ಕುಳಿತು ಎಡಗೈಯಿಂದ ತಿದಿಯೊತ್ತಿ ಬಲಗೈಯಿಂದ ನುಡಿಸುವ ಕಿರುಪೆಟ್ಟಿಗೆಯಾಗಿ ಮಾರ್ಪಡಿಸಿದ ಕೀರ್ತಿಯು, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಲ್ಕತ್ತೆಯಲ್ಲಿ ವಾದ್ಯದ ಅಂಗಡಿ ನಡೆಸುತ್ತಿದ್ದ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. ನಾಟಕ ಕಂಪನಿಗಳಾದರೋ ಎರಡು ಕೈಗಳನ್ನೂ ಸ್ವತಂತ್ರವಾಗಿ ಬಿಡುವ ಹಳೆಯ ಲೆಗ್ ಹಾರ್ಮೋನಿಯಮ್ಮನ್ನೇ ಬಹುಕಾಲ ನೆಚ್ಚಿಕೊಂಡಿದ್ದವು.

ನಾಲಿಗೆಯ ಸ್ವರವನ್ನು ನಿರ್ಣಯಿಸುವ ನಿಯಮವು ಬಹು ಸರಳವಾದುದು. ಒಂದು ತುದಿಯಲ್ಲಿ ಬಿಗಿದ ಪಟ್ಟಿಯ ಕಂಪನಸಂಖ್ಯೆಯು ಅದರ ದಪ್ಪಕ್ಕೆ ಅನುಗುಣವಾಗಿಯೂ, ಉದ್ದದ ವರ್ಗಕ್ಕೆ ವಿಲೋಮವಾಗಿಯೂ ಇರುತ್ತದೆ. ಅಗಲಕ್ಕೆ ಇದರಲ್ಲಿ ಪಾತ್ರವೇ ಇಲ್ಲ. 20 ಮಿಲಿಮೀಟರ್ ಉದ್ದ, 0.3 ಮಿಲಿಮೀಟರ್ ದಪ್ಪವಿರುವ ಹಿತ್ತಾಳೆಯ ನಾಲಿಗೆಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 400 ಕಂಪನಗಳು ಬರುತ್ತವೆ. ಉದ್ದವನ್ನು ಅರ್ಧಕ್ಕಿಳಿಸಿದರೆ ಕಂಪನಸಂಖ್ಯೆ ನಾಲ್ಕುಪಟ್ಟಾಗಿ ಸ್ವರವು ಎರಡು ಸಪ್ತಕ ಮೇಲೇರುತ್ತದೆ. ಮಾಗಿಯ ಚಳಿಯಲ್ಲಿ ತಂತಿವಾದ್ಯಗಳು ಗಳಿಗೆಗೊಮ್ಮೆ ಶ್ರುತಿ ತಪ್ಪುತ್ತಿದ್ದರೂ ಪೇಟಿಯು ಇದ್ದಲ್ಲಿಯೇ ಇರುವುದಕ್ಕೆ ಕಾರಣವೂ ಇಲ್ಲಿಯೇ ಇದೆ: ಉದ್ದ, ದಪ್ಪ ಮತ್ತು ಲೋಹದ ಬಿಗಿತ, ಈ ಮೂರೂ ಹವೆಯ ಏರಿಳಿತಕ್ಕೆ ಬಗ್ಗುವುದು ಅತ್ಯಲ್ಪ. ಜಾತ್ರೆಯ ಬಯಲಿನಲ್ಲಿ ತಗಡಿನ ಥಿಯೇಟರನ್ನು ಕಟ್ಟಿ ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗೆ ಹಾಡಬೇಕಾಗಿದ್ದ ನಟರಿಗೆ ಇಂತಹ ಸ್ಥಿರವಾದ ಒತ್ತಾಸರೆ ಎಷ್ಟು ಪ್ರಿಯವಾಗಿದ್ದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಆಕಾಶವಾಣಿಯು ಮಾತ್ರ ಈ ಸ್ಥಿರತೆಯನ್ನೇ ದೋಷವೆಂದೆಣಿಸಿ, ಪೇಟಿಗೆ ಗಮಕವಿಲ್ಲ, ಸಪ್ತಕವನ್ನು ಹನ್ನೆರಡು ಸಮಭಾಗ ಮಾಡುವುದರಿಂದ ಅದರ ಗಾಂಧಾರವು ಶುದ್ಧವಾದ ಸ್ಥಾನಕ್ಕಿಂತ ಮೇಲಿರುತ್ತದೆ ಎಂಬ ಆಕ್ಷೇಪಗಳಿಗೆ ಕಿವಿಗೊಟ್ಟು, 1940ರಲ್ಲಿ ಅದನ್ನು ಬಾನುಲಿಯಿಂದ ಹೊರಗಿಟ್ಟಿತು. 1971ರವರೆಗೆ ಅದಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಆಕ್ಷೇಪವು ಗಣಿತದ ದೃಷ್ಟಿಯಿಂದ ಸರಿಯೇ. ಆದರೆ ಆ ಮೂರು ದಶಕಗಳಲ್ಲಿ ನಮ್ಮ ಹಳ್ಳಿಯ ಭಜನೆ ನಿಲ್ಲಲಿಲ್ಲ.

ಗಿರಾಕಿಯನ್ನು ಬೆದರಿಸುವ ದೋಷಗಳಿಗೆ ಬರೋಣ. ಮೂಕವಾದ ಮನೆಯಲ್ಲಿ ರೀಡು ಸತ್ತಿದೆಯೆಂದು ಮಾರುವವನೂ ಕೊಳ್ಳುವವನೂ ಒಟ್ಟಿಗೇ ತೀರ್ಮಾನಿಸುವುದುಂಟು. ನಾಲಿಗೆಗೂ ಸೀಳಿನ ಅಂಚಿಗೂ ನಡುವಣ ಸಂದು ಒಂದು ಮಿಲಿಮೀಟರಿನ ಅತ್ಯಲ್ಪ ಭಾಗವಾಗಿರುವುದರಿಂದ, ಧೂಳಿನ ಕಣವೊಂದು ಅಲ್ಲಿ ಸಿಕ್ಕಿಕೊಂಡರೆ ಸಾಕು, ನಾಲಿಗೆ ನಿಂತುಹೋಗುತ್ತದೆ. ಎರೆಭೂಮಿಯ ಬೇಸಗೆಯ ಗಾಳಿಯಲ್ಲಿ ಅಂತಹ ಕಣಗಳಿಗೆ ಬರವಿಲ್ಲ. ತೆಳುವಾದ ಕಾಗದದ ಚೂರನ್ನು ನಾಲಿಗೆಯ ಕೆಳಗೆ ತೂರಿಸಿ ಮೆಲ್ಲನೆ ಎಳೆದರೆ ಅನೇಕ ವೇಳೆ ಸ್ವರವು ಮರಳುತ್ತದೆ. ಒತ್ತದೆಯೇ ಅರಚುವ ಮನೆಗೆ ಕಾರಣ, ರಂಧ್ರದ ಮೇಲೆ ಕೂರಬೇಕಾದ ಮುಚ್ಚಳವು ಸರಿಯಾಗಿ ಕೂರದಿರುವುದು: ಸ್ಪ್ರಿಂಗು ಸಡಿಲಗೊಂಡಿರಬಹುದು, ಮುಚ್ಚಳದ ಅಡಿಗೆ ಅಂಟಿಸಿದ ಮೆತ್ತನೆಯ ಚರ್ಮವು ಗಡುಸಾಗಿರಬಹುದು, ಉಣ್ಣೆಯ ಬಟ್ಟೆಯನ್ನು ತಿನ್ನುವ ನುಸಿಹುಳವು ಅಲ್ಲಿ ಭೋಜನ ಮಾಡಿರಬಹುದು. ಇದಾವುದೂ ದುಬಾರಿಯಲ್ಲ.

ಗಾಳಿ ಸೋರುವ ಪೇಟಿಯ ವಿಷಯದಲ್ಲಿ ಮಾಡಬೇಕಾದ ವಿಚಾರಣೆ ಇನ್ನೂ ಸ್ವಾರಸ್ಯವಾದುದು. ಕೈಯಿಂದ ಒತ್ತುವ ಹೊರತಿದಿಯಲ್ಲದೆ, ಪೆಟ್ಟಿಗೆಯ ತಳದಲ್ಲಿ ಸ್ಪ್ರಿಂಗಿನ ಒತ್ತಡದಲ್ಲಿರುವ ಒಳತಿದಿಯೊಂದುಂಟು. ಹೊರತಿದಿ ಬಿಟ್ಟುಬಿಟ್ಟು ಕೊಡುವ ಗಾಳಿಯನ್ನು ಅದು ಕೂಡಿಟ್ಟುಕೊಂಡು ಒಂದೇ ಸಮನಾಗಿ ರೀಡುಗಳಿಗೆ ಹಂಚುತ್ತದೆ. ಇಲ್ಲಿನ ಒತ್ತಡವು ಕೆಲವೇ ಸೆಂಟಿಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮವಾದುದು, ಅಂದರೆ ಅಲ್ಪವೇ. ಆದರೆ ಇಷ್ಟು ಅಲ್ಪವಾಗಿರುವುದರಿಂದಲೇ ಒಂದು ಸೂಜಿರಂಧ್ರವೂ ಲೆಕ್ಕಕ್ಕೆ ಬರುತ್ತದೆ. ಮುಂಭಾಗದ ಗುಂಡಿಗಳನ್ನೆಲ್ಲ ಒಳಕ್ಕೆ ತಳ್ಳಿ ಗಾಳಿಯ ಹಾದಿಯನ್ನು ಮುಚ್ಚಿ, ತಿದಿಯನ್ನು ತುಂಬಿ ಕಾಯಬೇಕು. ಆಗಲೂ ಗಾಳಿ ಬೇಗನೆ ಇಳಿದುಹೋದರೆ ಸೋರಿಕೆಯು ತಿದಿಯಲ್ಲಿದೆ. ಗುಂಡಿಯನ್ನೆಳೆದ ಮೇಲೆ ಮಾತ್ರ ಇಳಿದರೆ ಅದು ಮುಚ್ಚಳಗಳಲ್ಲಿಯೋ ರೀಡಿನ ಹಲಗೆಯಲ್ಲಿಯೋ ಇದೆ. ತಿದಿಯೆಂಬುದು ರಟ್ಟು, ಬಟ್ಟೆ, ಚರ್ಮಗಳ ಮಡಿಕೆ. ಇಲಿ ಕಡಿದಿದ್ದರೆ ತೇಪೆ ಹಾಕಬಹುದು, ಮಡಿಕೆಗಳೆಲ್ಲ ಜೀರ್ಣವಾಗಿದ್ದರೆ ತೆಗೆದು ಹೊಸದನ್ನೇ ಕಟ್ಟಬಹುದು. ಪೇಟಿಯ ದೇಹದಲ್ಲಿ ಬದಲಿಸಲೆಂದೇ ಇರುವ ಭಾಗವಿದು.

ಬದಲಿಸಲಾಗದ, ಅಥವಾ ಬದಲಿಸಿದರೆ ಪೇಟಿಯೇ ಬೇರೆಯಾಗಿಬಿಡುವ ಭಾಗಗಳು ಎರಡು: ರೀಡುಗಳು, ಅವುಗಳನ್ನು ಹೊತ್ತ ಹಲಗೆ. ಸದ್ದಿಲ್ಲದ ದೋಷಗಳ ವಾಸ ಇವುಗಳಲ್ಲಿಯೇ.

ಹಲಗೆಯದನ್ನು ಮೊದಲು ಹೇಳುತ್ತೇನೆ. ಏಕೆಂದರೆ ಅದು ಈ ಸೀಮೆಯ ಹವೆಗೆ ಸಂಬಂಧಿಸಿದ ಕಥೆ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿ, ಆಮೇಲೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತಾದರೂ, ಅದರ ಆಕಾಶವು ಯಾವ ಆಜ್ಞೆಗೂ ಬದಲಾಗಲಿಲ್ಲ: ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನ ಮಳೆ, ಅದೂ ಬಹುಪಾಲು ಮುಂಗಾರು ಹಿಂಗಾರುಗಳ ಕೆಲವು ತಿಂಗಳುಗಳಲ್ಲಿ, ಮಿಕ್ಕಂತೆ ಒಣಗಾಳಿ. ಕಟ್ಟಿಗೆಯು ತಾನಿರುವ ಗಾಳಿಯ ತೇವವನ್ನು ಹೀರಿ ಬಿಡುತ್ತಲೇ ಇರುವ ವಸ್ತು. ಸಾಪೇಕ್ಷ ಆರ್ದ್ರತೆಯು ಶೇಕಡಾ 75ರಷ್ಟಿರುವಲ್ಲಿ ಬಹುಕಾಲವಿದ್ದ ಮರವು ತನ್ನ ಒಣತೂಕದ ಶೇಕಡಾ 14ರಷ್ಟು ನೀರನ್ನು ಇಟ್ಟುಕೊಂಡಿರುತ್ತದೆ. ಆರ್ದ್ರತೆ 30ಕ್ಕಿಳಿದರೆ ಆ ನೀರು ಶೇಕಡಾ 6ಕ್ಕಿಳಿಯುತ್ತದೆ. ನೀರು ಹೋದಷ್ಟೂ ಮರವು ಕುಗ್ಗುತ್ತದೆ, ಆದರೆ ಎಲ್ಲ ದಿಕ್ಕುಗಳಲ್ಲಿಯೂ ಸಮವಾಗಿ ಅಲ್ಲ: ಎಳೆಯುದ್ದಕ್ಕೆ ಕುಗ್ಗುವುದು ನಗಣ್ಯ, ಎಳೆಗೆ ಅಡ್ಡಲಾಗಿ ಗಣನೀಯ. ಕುಗ್ಗುವಿಕೆ ಅತಿ ಕಡಿಮೆಯಿರುವ ಮರಗಳಲ್ಲಿ ಒಂದೆಂದು ಹೆಸರಾದ ಸಾಗುವಾನಿಯೂ ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ, ವಾರ್ಷಿಕ ಬಳೆಗಳ ಗುಂಟ ಶೇಕಡಾ 5.8ರಷ್ಟು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಶೇಕಡಾ 2.5ರಷ್ಟು ಕುಗ್ಗುತ್ತದೆ. ಈ ಅಂಕಿಗಳಿಂದ ಲೆಕ್ಕ ಹಾಕಿದರೆ, 15 ಸೆಂಟಿಮೀಟರ್ ಅಗಲದ ಹಲಗೆಯು ತೇವವಾದ ಊರಿನಿಂದ ನಮ್ಮ ಚೈತ್ರದ ಗಾಳಿಗೆ ಬಂದಾಗ, ಕೊಯ್ದ ರೀತಿಯನ್ನವಲಂಬಿಸಿ ಒಂದರಿಂದ ಎರಡೂಕಾಲು ಮಿಲಿಮೀಟರಿನಷ್ಟು ಕಿರಿದಾಗಬೇಕು.

ಕಿರಿದಾಗಲು ಬಿಟ್ಟರೆ ಚಿಂತೆಯಿಲ್ಲ. ಆದರೆ ರೀಡಿನ ಹಲಗೆಯನ್ನು ನಾಲ್ಕು ಕಡೆಯೂ ಚೌಕಟ್ಟಿಗೆ ಬಿಗಿದಿರುತ್ತಾರೆ. ಪಕ್ಕದ ಪಟ್ಟಿಗಳ ಎಳೆಯು ಬೇರೆ ದಿಕ್ಕಿಗಿರುವುದರಿಂದ ಅವು ಕುಗ್ಗುವುದಿಲ್ಲ, ತಮ್ಮೊಡನೆ ಬಂಧಿಸಿದ ಹಲಗೆಯನ್ನು ಕುಗ್ಗಲೂ ಬಿಡುವುದಿಲ್ಲ. ಹಲಗೆಯು ಎರಡು ಕಡೆಗೂ ಎಳೆಯಲ್ಪಟ್ಟು, ತನ್ನ ದುರ್ಬಲವಾದ ತಾಣದಲ್ಲಿ ಸೀಳುತ್ತದೆ. ದುರ್ಬಲ ತಾಣ ಯಾವುದೆಂದರೆ, ಸಾಲಾಗಿ ಕೊರೆದ ಗಾಳಿರಂಧ್ರಗಳ ಪಂಕ್ತಿಯೇ. ಸೀಳು ಎಳೆಯ ಜಾಡನ್ನು ಹಿಡಿದು ಒಂದು ರಂಧ್ರದಿಂದ ಪಕ್ಕದ ರಂಧ್ರಕ್ಕೆ ಹಾದಿ ಮಾಡಿಕೊಳ್ಳುತ್ತದೆ. ಷಡ್ಜದ ಮನೆಯನ್ನೊತ್ತಿದರೆ ಕೋಮಲ ಋಷಭವೂ ಸಣ್ಣಗೆ ಗೊಣಗುವ ಪೇಟಿಯನ್ನು ಕಂಡವರಿಗೆ ಇದು ಪರಿಚಿತ. ಕಲ್ಕತ್ತೆಯ ಅಥವಾ ಕರಾವಳಿಯ ತೇವದಲ್ಲಿ ಕಟ್ಟಿದ ಪೆಟ್ಟಿಗೆಗಳು ಬಯಲುಸೀಮೆಯನ್ನು ಹೊಕ್ಕ ಮೊದಲ ಬೇಸಗೆಯಲ್ಲಿಯೇ ಹೀಗಾಗುವ ಸಂಭವ ಹೆಚ್ಚು. ಅದೇ ಪೆಟ್ಟಿಗೆಯು ಇಲ್ಲಿಯ ಮರದಿಂದ, ಇಲ್ಲಿಯ ಗಾಳಿಯಲ್ಲಿ ಚೆನ್ನಾಗಿ ಪಳಗಿದ ಮೇಲೆ ಕಟ್ಟಲ್ಪಟ್ಟಿದ್ದರೆ ಅಷ್ಟು ಭಯವಿಲ್ಲ. ಮೇಲಾಗಿ ಕರಾವಳಿಯಲ್ಲಿ ಬೂಷ್ಟು ಹಿಡಿದು ಅಂಟು ಬಿಡುವಂತಹ ರೋಗಗಳು ನಮ್ಮಲ್ಲಿ ವಿರಳ.

ಮುಖ್ಯಸಂಗತಿ ಇನ್ನೂ ಮುಂದಿದೆ. ಈ ಬಿರುಕು ಋತುವಿನೊಡನೆ ತೆರೆದು ಮುಚ್ಚುತ್ತದೆ. ಶ್ರಾವಣದಲ್ಲಿ ಮರವು ತೇವವನ್ನು ಹೀರಿ ಹಿಗ್ಗಿದಾಗ, ಬಿರುಕಿನ ಎರಡು ಅಂಚುಗಳು ಒಂದನ್ನೊಂದು ಒತ್ತಿಕೊಂಡು ಗಾಳಿಯನ್ನು ತಡೆಯುತ್ತವೆ; ಗೊಣಗಾಟ ನಿಲ್ಲುತ್ತದೆ, ಕಣ್ಣಿಗೂ ಏನೂ ಕಾಣುವುದಿಲ್ಲ. ನಮ್ಮ ದುರದೃಷ್ಟಕ್ಕೆ ಪೇಟಿಗೆ ಬೇಡಿಕೆ ಹೆಚ್ಚುವುದೂ ಶ್ರಾವಣದ ಭಜನೆಯ ಹೊತ್ತಿಗೇ. ಆಗ ಕೊಂಡವನು ಫಾಲ್ಗುಣದಲ್ಲಿ ಪೇಟಿ ಹಾಳಾಯಿತೆಂದು ಮರುಗುತ್ತಾನೆ; ಅದು ಮೊದಲೇ ಹಾಳಾಗಿತ್ತು. ಆದುದರಿಂದ ನನ್ನ ಸಲಹೆಯೇನೆಂದರೆ, ಭಾರತ ಹುಣ್ಣಿಮೆಯ ಹೊತ್ತಿಗೆ ಮೈಲಾರದಲ್ಲಿ ಭವಿಷ್ಯವಾಣಿಯಾದ ಕಾರಣಿಕವನ್ನು ನುಡಿದು, ಕೊಟ್ಟೂರಿನಲ್ಲಿ ಗುರುಬಸವೇಶ್ವರನ ತೇರು ಎಳೆದು ಮುಗಿದ ಮೇಲೆ, ಯುಗಾದಿಯ ಆಚೀಚೆ, ಮರವು ತನ್ನ ಅತ್ಯಂತ ಒಣಸ್ಥಿತಿಯಲ್ಲಿರುವಾಗ ಹಳೆಯ ಪೇಟಿಯನ್ನು ನೋಡಲು ಹೋಗಬೇಕು. ಆ ದಿನಗಳಲ್ಲಿಯೂ ಗಾಳಿ ಹಿಡಿದುಕೊಂಡು, ನೆರೆಯ ಸ್ವರವನ್ನು ಕರೆಯದೆ ನುಡಿಯುವ ಹಲಗೆಯು ಮಳೆಗಾಲದಲ್ಲಿ ನಿಮ್ಮನ್ನು ಕೈಬಿಡುವ ಭಯ ಕಡಿಮೆ.

ರೀಡುಗಳ ಗುಪ್ತದೋಷವು ಬೇರೆ ಬಗೆಯದು. ಶ್ರುತಿ ಇಳಿದ ನಾಲಿಗೆಯನ್ನು ಏರಿಸಲು ಅದರ ತುದಿಯನ್ನು ಕೆರೆದು ಹಗುರ ಮಾಡುತ್ತಾರೆ. ಏರಿದುದನ್ನು ಇಳಿಸಲು ಬುಡವನ್ನು ಕೆರೆದು ಮೆದು ಮಾಡುತ್ತಾರೆ. ಎರಡು ಉಪಾಯಗಳಲ್ಲಿಯೂ ಲೋಹವು ಕಳೆಯುತ್ತದೆಯೇ ಹೊರತು ಕೂಡುವುದಿಲ್ಲ. ಅವಸರದ ಕೈಯೊಂದು ಒಮ್ಮೆ ತುದಿಯನ್ನೂ ಒಮ್ಮೆ ಬುಡವನ್ನೂ ಕೆರೆಯುತ್ತ ಹೋದರೆ, ಶ್ರುತಿಯು ಮೊದಲಿದ್ದಲ್ಲಿಗೇ ಬಂದು ನಿಂತಿದ್ದರೂ ನಾಲಿಗೆಯು ಬಡವಾಗಿರುತ್ತದೆ. ಬುಡವೇ ಬಾಗುವಿಕೆಯ ಭಾರವೆಲ್ಲ ಬೀಳುವ ಸ್ಥಾನ. ಅಲ್ಲಿ ಉಗುರಿನಿಂದ ಗೀರಿದಂತಹ ಆಳವಾದ ಗೆರೆಯಿದ್ದರೆ, ಸೆಕೆಂಡಿಗೆ ನೂರಾರು ಸಲ ಬಾಗುವ ಲೋಹವು ಆ ಗೆರೆಯಿಂದಲೇ ಬಿರುಕುಬಿಟ್ಟು, ಯಾವುದೋ ಒಂದು ನಾಟಕದ ನಡುವೆ ಮುರಿಯುತ್ತದೆ. ಪೇಟಿಯು ಇಂದು ಎಷ್ಟು ಇಂಪಾಗಿ ನುಡಿಯುತ್ತದೆಂಬುದು ಇದಕ್ಕೆ ಸಾಕ್ಷ್ಯವಾಗದು. ಮೇಲಿನ ಹಲಗೆಯನ್ನು ತೆಗೆಸಿ, ಟಾರ್ಚಿನ ಓರೆಬೆಳಕಿನಲ್ಲಿ ನಾಲಿಗೆಗಳನ್ನು ನೋಡಬೇಕು. ತೋರಿಸಲೊಪ್ಪದ ಮಾರಾಟಗಾರನಿಂದ ಪೇಟಿಯನ್ನು ಕೊಳ್ಳಬಾರದು. ಪೆಟ್ಟಿಗೆಯ ಮೇಲೆ ಜರ್ಮನ್ ರೀಡೆಂದೋ ಪ್ಯಾರಿಸ್ ರೀಡೆಂದೋ ಬರೆದಿರುವುದು ಯಾವುದಕ್ಕೂ ಪ್ರಮಾಣವಲ್ಲ, ಪೆಟ್ಟಿಗೆ ಉಳಿದು ರೀಡುಗಳು ಬದಲಾಗಿರುವುದುಂಟು.

ಶ್ರುತಿಯನ್ನು ಪರೀಕ್ಷಿಸಲು ಯಂತ್ರವೇನೂ ಬೇಡ. ಡಬಲ್ ರೀಡಿನ ಪೇಟಿಯಲ್ಲಿ ಒಂದೇ ಮನೆಗೆ ಸಪ್ತಕದ ಅಂತರದ ಎರಡು ರೀಡುಗಳಿರುತ್ತವೆ. ಮಂದ್ರದ್ದು ಸೆಕೆಂಡಿಗೆ 219 ಕಂಪನಗಳದ್ದಾಗಿದ್ದು ಮೇಲಿನದು 440 ಕಂಪನಗಳದ್ದಾಗಿದ್ದರೆ, ಮಂದ್ರದ ಎರಡನೆಯ ಉಪಸ್ವರವು 438ರಲ್ಲಿ ನಿಂತು, ಎರಡೂ ಕೂಡಿ ಸೆಕೆಂಡಿಗೆ ಎರಡು ಸಲ ಏರಿಳಿಯುವ ಅಲೆಯಂತೆ ಕೇಳುತ್ತದೆ. ಮನೆಯೊಂದೊಂದನ್ನೂ ದೀರ್ಘವಾಗಿ ಹಿಡಿದು ಈ ಅಲೆಗಳನ್ನು ಗಮನಿಸಿದರೆ, ಎಷ್ಟು ರೀಡುಗಳು ಕೆಲಸವನ್ನು ಬೇಡುತ್ತವೆಂಬುದು ಅಲ್ಲಿಯೇ ತಿಳಿಯುತ್ತದೆ.

ಹಿತ್ತಾಳೆಗೆ ಇನ್ನೊಂದು ಶತ್ರುವುಂಟು. ಅದರ ಕಥೆಯು ಭಾರತದಲ್ಲಿಯೇ ನಡೆದುದು. ಬ್ರಿಟಿಷ್ ಸೈನ್ಯದ ಹಿತ್ತಾಳೆಯ ತೋಟಾಗಳು ಮಳೆಗಾಲ ಬಂತೆಂದರೆ, ಯಾರೂ ಮುಟ್ಟದಿದ್ದರೂ, ಇಟ್ಟಲ್ಲಿಯೇ ಬಿರುಕುಬಿಡುತ್ತಿದ್ದವು. ಋತುವಿನೊಡನೆ ಬರುವ ರೋಗವಿದೆಂದು ಸೈನಿಕರು ಭಾವಿಸಿದ್ದರು. ತೋಟಾಗಳನ್ನು ಕೂಡಿಡುತ್ತಿದ್ದುದು ಕುದುರೆಲಾಯಗಳ ಬಳಿ. ಕುದುರೆಯ ಮೂತ್ರದಿಂದೇಳುವ ಅಮೋನಿಯ ಅನಿಲವು ತೇವದೊಡನೆ ಕೂಡಿ, ತಯಾರಿಕೆಯ ಕಾಲದಲ್ಲಿ ಲೋಹದೊಳಗೆ ಉಳಿದುಹೋದ ಬಿಗಿತವಿದ್ದೆಡೆಯಲ್ಲೆಲ್ಲ ಹಿತ್ತಾಳೆಯ ಕಣಗಳ ಸಂದುಗಳನ್ನು ಕೊರೆಯುತ್ತಿತ್ತೆಂಬ ವಿವರಣೆಯನ್ನು ಲೋಹಶಾಸ್ತ್ರಜ್ಞರು 1921ರಲ್ಲಿ ಕೊಟ್ಟರು. ನಮ್ಮ ಸೀಮೆಯ ಹಳೆಯ ಮಾಳಿಗೆಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ದನಗಳನ್ನು ಕಟ್ಟುವ ಅಂಕಣ, ಅದರ ಪಕ್ಕದಲ್ಲಿಯೇ ಕಟ್ಟೆ, ಕಟ್ಟೆಯ ಮೇಲಿನ ಅಟ್ಟದಲ್ಲಿ ಪೇಟಿ! ಗಂಜಲದಿಂದಲೂ ಅದೇ ಅನಿಲವೇಳುತ್ತದೆ. ತಣ್ಣಗೆ ಬಡಿದು ಹದಮಾಡಿದ ರೀಡಿನ ಹಿತ್ತಾಳೆಯಲ್ಲಿಯೂ, ರಿವೆಟ್ಟಿನ ಸುತ್ತಲೂ, ಬಿಗಿತವು ಇದ್ದೇ ಇರುತ್ತದೆ. ಹಿತ್ತಾಳೆಯ ಮೇಲಣ ಕಂದುಬಣ್ಣವು ನಿರುಪದ್ರವಿ. ನೀಲಿ ಹಸುರಿನ ಕಿಲುಬು ರಿವೆಟ್ಟಿನ ಬುಡದಲ್ಲಿ ಕಂಡರೆ, ಪೇಟಿಯನ್ನು ಇಷ್ಟು ದಿನ ಎಲ್ಲಿಟ್ಟಿದ್ದಿರೆಂದು ವಿಚಾರಿಸುವುದು ಒಳಿತು.

ಹಿಂದೆ ಯಾರೋ ಮಾಡಿದ ರಿಪೇರಿಯೂ ಒಂದು ಗುಪ್ತದೋಷವಾಗಬಹುದು. ಹಳೆಯ ಬಡಗಿಗಳು ಬಳಸುತ್ತಿದ್ದ ಸರೇಸು ಎಂಬ ಅಂಟು ಶಾಖಕ್ಕೂ ತೇವಕ್ಕೂ ಕರಗುವಂತಹದು. ಇದು ಅದರ ದೌರ್ಬಲ್ಯವೆಂದು ತೋರಿದರೂ, ಕೂಡಿಸಿದ್ದನ್ನು ಹಾನಿಯಿಲ್ಲದೆ ಬಿಡಿಸಿ ಮತ್ತೆ ಕೂಡಿಸುವ ಅವಕಾಶವನ್ನು ಮುಂದಿನವನಿಗೆ ಉಳಿಸುತ್ತದೆ. ಬಿರುಕಿಗೆ ಎಪಾಕ್ಸಿಯನ್ನು ತುಂಬಿದ ಹಲಗೆಯನ್ನಾದರೋ ಮತ್ತೆ ಬಿಚ್ಚುವಂತಿಲ್ಲ. ಮರವು ಮತ್ತೊಂದು ಬೇಸಗೆಯಲ್ಲಿ ಕುಗ್ಗಿದಾಗ ಅದರ ಪಕ್ಕದಲ್ಲಿಯೇ ಹೊಸ ಬಿರುಕು ಮೂಡುತ್ತದೆ.

ಗಿಟಾರನ್ನು ಕೊಳ್ಳಹೊರಟ ದಾವಣಗೆರೆಯ ಕಾಲೇಜು ಹುಡುಗನಿಗೆ ಈ ವಿಚಾರಗಳಲ್ಲಿ ಅರ್ಧದಷ್ಟು ಮಾತ್ರ ಅನ್ವಯಿಸುತ್ತವೆ. ಮರದ ಕುಗ್ಗುವಿಕೆ ಅಲ್ಲಿಯೂ ಇದೆ. ಅದರ ಮೇಲೆ, ಆರು ಉಕ್ಕಿನ ತಂತಿಗಳು ಒಟ್ಟಾಗಿ ಸುಮಾರು 70 ಕಿಲೋಗ್ರಾಮಿನ ಸೆಳೆತದಿಂದ ಕತ್ತನ್ನು ಹಗಲಿರುಳು ಮುಂದಕ್ಕೆ ಬಾಗಿಸುತ್ತಿರುತ್ತವೆ. ಕತ್ತು ಒಡಲನ್ನು ಸೇರುವ ಕೋನವು ತಪ್ಪಿದರೆ ಅದನ್ನು ಸರಿಪಡಿಸುವ ಖರ್ಚು ಅಗ್ಗದ ಗಿಟಾರಿನ ಬೆಲೆಯನ್ನೇ ಮೀರಬಹುದು. ಪೇಟಿಯಲ್ಲಿ ಅಂತಹ ಅವಿರತ ಸೆಳೆತವಿಲ್ಲ. ನುಡಿಸದೆ ಇಟ್ಟ ಪೇಟಿಯು ತನ್ನ ಬಲದಿಂದಲೇ ತನ್ನನ್ನು ಮುರಿದುಕೊಳ್ಳುವುದಿಲ್ಲ. ಐವತ್ತು ವರ್ಷದ ಪೇಟಿಯನ್ನು ನಾನು ಐವತ್ತು ವರ್ಷದ ಅಗ್ಗದ ಗಿಟಾರಿಗಿಂತ ಹೆಚ್ಚು ಧೈರ್ಯದಿಂದ ಕೊಂಡೇನು.

ಧೈರ್ಯಕ್ಕೂ ಒಂದು ಲೆಕ್ಕವುಂಟು. ಪೇಟಿಯ ಬೆಲೆ 4000 ರೂಪಾಯಿ, ಹಲಗೆ ಸೀಳಿದ್ದರೆ ಅದನ್ನು ಸರಿಪಡಿಸಲು ಇನ್ನೂ 4000 ಎಂದು ಸುಮ್ಮನೆ ಇಟ್ಟುಕೊಳ್ಳೋಣ. ಸೀಳಿರುವ ಸಂಭವ ನಾಲ್ಕರಲ್ಲೊಂದು ಎಂದು ತೋರಿದರೆ, ಆ ಭಯದ ಬೆಲೆ 1000 ರೂಪಾಯಿ; ಪೇಟಿಯನ್ನು 5000ದ್ದೆಂದೇ ಎಣಿಸಬೇಕು. ಚೈತ್ರದಲ್ಲಿ ನೋಡಿ ಸೀಳಿಲ್ಲವೆಂದು ತಿಳಿದರೆ ಆ ಸಾವಿರವು ಉಳಿಯುತ್ತದೆ. ಹೀಗೆ ಪರೀಕ್ಷೆಗೂ ಹಣದ ಮೌಲ್ಯವಿದೆ. ಆದರೆ ಈ ಗಣಿತವನ್ನು ದೋಷದೋಷಕ್ಕೆ ಬೇರೆಬೇರೆಯಾಗಿ ಹಾಕುವವರು ಮೋಸಹೋಗುತ್ತಾರೆ, ಏಕೆಂದರೆ ದೋಷಗಳು ಒಂಟಿಯಾಗಿ ಬರುವುದು ಕಡಿಮೆ. ತಿದಿಯಲ್ಲಿ ಇಲಿಯ ಹಲ್ಲಿನ ಗುರುತು ಕಂಡರೆ, ಆ ಪೆಟ್ಟಿಗೆಯನ್ನು ವರ್ಷಗಟ್ಟಲೆ ಯಾರೂ ತೆರೆದಿಲ್ಲವೆಂದಾಯಿತು. ತೆರೆಯದ ಪೆಟ್ಟಿಗೆಯಲ್ಲಿ ಗೆದ್ದಲೂ ಕುಟ್ಟೆಹುಳವೂ ಕಿಲುಬೂ ಇರುವ ಸಂಭವವು ತಾನಾಗಿ ಏರುತ್ತದೆ. ಇದಕ್ಕೆ ಪ್ರತಿಯಾಗಿ, ತೇಪೆಯ ಮೇಲೆ ತೇಪೆಯಿರುವ, ಆದರೆ ಪ್ರತಿಯೊಂದು ತೇಪೆಯೂ ಅಚ್ಚುಕಟ್ಟಾಗಿರುವ ಪೇಟಿಯು ನೋಡಲು ಬಡವಾಗಿದ್ದರೂ ಒಬ್ಬ ಜಾಣ ಮಾಸ್ತರರ ಕೈಯಲ್ಲಿ ಬಾಳಿದುದೆಂದು ಊಹಿಸಬಹುದು. ಅಂತಹುದರ ವಿಷಯದಲ್ಲಿ ಚೌಕಾಶಿಯನ್ನು ಹೆಚ್ಚು ಬೆಳೆಸದೆ ಮುಗಿಸುವುದೇ ಲೇಸು.

ಬಹುತೇಕ ಪರೀಕ್ಷೆಗಳಲ್ಲಿ ಸೋತ ಪೇಟಿಗೂ ಒಂದು ಬೆಲೆ ಉಳಿದಿರುತ್ತದೆಂಬುದನ್ನು ಹೇಳಿ ಮುಗಿಸುತ್ತೇನೆ. ಹಲಗೆ ಸೀಳಿ, ಪೆಟ್ಟಿಗೆಗೆ ಗೆದ್ದಲು ಹತ್ತಿದ್ದರೂ, ರೀಡುಗಳು ಕೆರೆತವಿಲ್ಲದೆ, ಕಿಲುಬಿಲ್ಲದೆ ಇದ್ದರೆ, ಪೇಟಿ ರಿಪೇರಿ ಮಾಡುವವರು ಅವುಗಳಿಗಾಗಿಯೇ ಅದನ್ನು ಕೊಳ್ಳುತ್ತಾರೆ. ಮೂರು ಸಪ್ತಕದ ಡಬಲ್ ರೀಡಿನ ಪೆಟ್ಟಿಗೆಯೊಂದರಿಂದ ಎಪ್ಪತ್ತಕ್ಕೂ ಹೆಚ್ಚು ರೀಡುಗಳು ದೊರೆಯುತ್ತವೆ. ಮುರಿದ ಹಳೆಯ ನಾಲಿಗೆಯ ಬದಲಿಗೆ ಹೊಸ ರೀಡನ್ನು ಕೂರಿಸಿದರೆ ಅದರ ದನಿ ನೆರೆಹೊರೆಯ ಸ್ವರಗಳ ನಡುವೆ ಎದ್ದು ಕೇಳಿಸುವುದರಿಂದ, ಅದೇ ವಯಸ್ಸಿನ ಇನ್ನೊಂದು ಪೇಟಿಯ ರೀಡನ್ನೇ ಅವರು ಹುಡುಕುತ್ತಾರೆ. ಚೌಕಾಶಿಯಲ್ಲಿ ಮಾರುವವನು ಇಳಿಯಬಹುದಾದ ಕಟ್ಟಕಡೆಯ ಬೆಲೆ ಈ ರೀಡುಗಳ ಬೆಲೆಯೇ. ಅದಕ್ಕಿಂತ ಕೆಳಗೆ ಕೇಳಿದರೆ, ವಿಷಯ ಬಲ್ಲವನಾದ ಪಕ್ಷದಲ್ಲಿ, ಅವನು ಪೇಟಿಯನ್ನು ಮರಳಿ ಅಟ್ಟಕ್ಕೇರಿಸುತ್ತಾನೆ.